ಎರಡನೇ ಕೇಬಲ್ ಎಲ್ಲಿ ಹೋಗುತ್ತೆ, ನೋಡು

ಸಕಲೇಶಪುರ
ಆಷಾಢ ಮಾಸ

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಮಳೆ ಹಿಡಿದದ್ದು ಬಿಟ್ಟಿಲ್ಲ. ಕರೆಂಟು ಬಂದು ಹೋಗಿ ಮಾಡುತ್ತಿದೆ. ಮೊನ್ನೆ ನೀನು ಫೋನ್ ಮಾಡಿದಾಗ ಮಾತು ಕಡಿದು ಕಡಿದು ಬಂತು, ಅರ್ಧ ಕೇಳಿಸಲೇ ಇಲ್ಲ. ಅದಕ್ಕೇ ನಿಧಾನವಾಗಿ ಕೂತು ಬರೆಯುತ್ತಿದ್ದೇನೆ.

ನೀನು ಕೇಳಿದ್ದು ಇಷ್ಟು ಅಲ್ವಾ? ಪಿಎಚ್‌ಡಿಗೆ ಎರಡು ವಿಷಯ ಮುಂದಿವೆ. ಒಂದು, ಒಳಗಿನ ಭಾಗ ಕೆಟ್ಟರೂ ಕೆಲಸ ನಿಲ್ಲಿಸದ ಕಂಪ್ಯೂಟರ್ ಹಾರ್ಡ್‌ವೇರ್. ಇನ್ನೊಂದು, ಮೊಬೈಲ್ ನೆಟ್‌ವರ್ಕಿನ ವಿನ್ಯಾಸ. ಯಾವುದನ್ನು ಹಿಡಿಯಲಿ ಅಂತ. ಕ್ಯಾಂಪಸ್ಸಿನಲ್ಲಿ ಸಿಕ್ಕ ಕೆಲಸಕ್ಕೆ ಸೇರಿಕೋ ಅಂತ ನಿಮ್ಮಪ್ಪ ಒತ್ತಾಯ ಮಾಡುತ್ತಿರುವುದೂ ನನಗೆ ಗೊತ್ತು. ಅವನ ಹತ್ತಿರ ನಾನು ಮಾತಾಡುತ್ತೇನೆ. ಅದನ್ನು ನನಗೆ ಬಿಡು.

ಆ ಎರಡನ್ನೂ ಬೇರೆ ಬೇರೆ ಅಂದುಕೊಳ್ಳಬೇಡ. ತಪ್ಪನ್ನು ತಾನೇ ತಿದ್ದಿಕೊಳ್ಳುವ ಕೋಡ್ ಹುಟ್ಟಿದ್ದು ಬೆಲ್ ಲ್ಯಾಬ್ಸಿನಲ್ಲಿ, ಅಂದರೆ ಟೆಲಿಫೋನಿನವರ ಪ್ರಯೋಗಾಲಯದಲ್ಲಿ. ಅಲ್ಲಿನ ರಿಲೇ ಕಂಪ್ಯೂಟರಿಗೆ, ಅಂದರೆ ಕರೆಂಟಿನಿಂದ ತೆರೆದು ಮುಚ್ಚುವ ಸ್ವಿಚ್ಚುಗಳಿಂದ ಕಟ್ಟಿದ ಯಂತ್ರಕ್ಕೆ, ಗಣಿತಜ್ಞ ರಿಚರ್ಡ್ ಹ್ಯಾಮಿಂಗ್ ವಾರದ ಕೊನೆಗೆ ಲೆಕ್ಕ ಹಾಕಿಟ್ಟು ಹೋಗುತ್ತಿದ್ದರು. ನಡುವೆ ತಪ್ಪು ಕಂಡರೆ ಯಂತ್ರ ಆ ಲೆಕ್ಕವನ್ನು ಅಲ್ಲೇ ಬಿಟ್ಟು ಮುಂದಿನದಕ್ಕೆ ಹೋಗುತ್ತಿತ್ತು. ತಪ್ಪಾಗಿದೆ ಅಂತ ಗೊತ್ತಾಗುವ ಯಂತ್ರಕ್ಕೆ ಎಲ್ಲಿ ತಪ್ಪಾಗಿದೆ ಅಂತ ಯಾಕೆ ಗೊತ್ತಾಗಬಾರದು ಅಂತ ತಲೆ ಕೆಡಿಸಿಕೊಂಡರು. 1950ರಲ್ಲಿ ಅದರ ಲೇಖನ ಬಂತು. ಇವತ್ತು ಸರ್ವರಿನ ಮೆಮೊರಿಯಲ್ಲಿ 64 ಬಿಟ್‌ಗೆ, ಅಂದರೆ ಸೊನ್ನೆ ಅಥವಾ ಒಂದು ಆಗಿರುವ 64 ಅಂಕಿಗೆ, 8 ಬಿಟ್ ಹೆಚ್ಚಾಗಿ ಸೇರಿಸಿ ಒಂದು ಬಿಟ್‌ನ ತಪ್ಪನ್ನು ತಿದ್ದುವುದು ಅದೇ ವಿದ್ಯೆಯಿಂದ. ನಿನ್ನ ಫೋನಿಗೂ ಟವರಿಗೂ ನಡುವೆ ಗಾಳಿಯಲ್ಲಿ ಕೆಟ್ಟ ಬಿಟ್‌ಗಳನ್ನು ತಿದ್ದುವುದೂ ಅದರ ನಂತರ ಬಂದ ಕೋಡ್‌ಗಳೇ. ಹಾಗಾಗಿ ಇವೆರಡೂ ಸೇರುವ ಕಡೆ ನಿಲ್ಲು. ಅಲ್ಲಿ ಮಾಡಬೇಕಾದ ಕೆಲಸ ಬೇಕಾದಷ್ಟಿದೆ, ಮಾಡುವವರು ಕಡಿಮೆ.

ಆದರೆ ವಿಷಯಕ್ಕಿಂತ ಮುಖ್ಯವಾದ ಮಾತು ಬೇರೆ ಇದೆ. ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ ಯಾರಾದರೂ ಎರಡು ಇಟ್ಟಿದ್ದು ಕಂಡರೆ, ಆ ಎರಡಕ್ಕೂ ಸೇರಿದ್ದು ಏನಿದೆ ಅಂತ ಹುಡುಕುವ ಚಟ ಬೆಳೆಸಿಕೋ. ನನ್ನ ಇಡೀ ನೌಕರಿಯಲ್ಲಿ ನೋಡಿದ ದೊಡ್ಡ ದೊಡ್ಡ ಬ್ರೇಕ್‌ಡೌನ್‌ಗಳೆಲ್ಲ ಅಲ್ಲಿಂದಲೇ ಬಂದವು.

ಘಾಟಿಯಲ್ಲಿ ಕಣ್ಣಾರೆ ಕಂಡಿದ್ದನ್ನು ಹೇಳುತ್ತೇನೆ. ಅಲ್ಲಿನ ಟವರುಗಳಿಗೆ ಫೈಬರ್ ರಿಂಗ್ ಹಾಕಿದ್ದರು. ಯಾರು ಹಾಕಿದ್ದು ಅನ್ನುವುದು ಈಗ ಬೇಡ. ನಕ್ಷೆಯಲ್ಲಿ ನೋಡಿದರೆ ಲಕ್ಷಣವಾಗಿತ್ತು. ಒಂದು ದಿಕ್ಕಿನಲ್ಲಿ ಕೇಬಲ್ ಕಡಿದರೆ ಇನ್ನೊಂದು ದಿಕ್ಕಿನಿಂದ ಕರೆ, ಡೇಟಾ ಎಲ್ಲ ಸುತ್ತಿಕೊಂಡು ಬರಬೇಕು. ಒಂದು ಮಳೆಗಾಲ ಗುಡ್ಡ ಜಾರಿತು, ಎರಡೂ ದಿಕ್ಕು ಒಂದೇ ಕ್ಷಣಕ್ಕೆ ಹೋದವು. ಅಷ್ಟೂ ಟವರು ಬಂದ್. ಸ್ಥಳಕ್ಕೆ ಹೋಗಿ ನೋಡಿದಾಗ ಕಾರಣ ಎದುರಿಗೇ ಇತ್ತು. ಘಾಟಿಯಲ್ಲಿ ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕಣಿವೆ. ಕೇಬಲ್ ಎಳೆಯುವುದಕ್ಕೆ ರಸ್ತೆಯ ಅಂಚು ಬಿಟ್ಟರೆ ಬೇರೆ ಜಾಗವೇ ಇಲ್ಲ. ಹೋಗುವ ಕೇಬಲ್ಲು, ಬರುವ ಕೇಬಲ್ಲು ಎರಡೂ ಒಂದು ಮೋರಿಯ ಹತ್ತಿರ ಒಂದೇ ಗುಂಡಿಯಲ್ಲಿ, ಗೇಣು ದೂರದಲ್ಲಿ ಇದ್ದವು. ಮೋರಿಯೇ ಕೊಚ್ಚಿಕೊಂಡು ಹೋಗಿತ್ತು. ಎರಡು ಪೈಪು ಕೆಸರಿನಿಂದ ಹೊರಗೆ ಚಾಚಿಕೊಂಡಿದ್ದವು. ಎರಡೂ ಒಂದೇ ಅಳತೆಗೆ ತುಂಡಾಗಿದ್ದವು, ಒಳಗಿನ ಫೈಬರ್ ಎಳೆಗಳು ಮಳೆಯಲ್ಲಿ ನೆನೆಯುತ್ತಿದ್ದವು. ಮನೆಯ ಎರಡೂ ಬೀಗದ ಕೈಯನ್ನು ಒಂದೇ ಗೊಂಚಲಿಗೆ ಹಾಕಿಕೊಂಡು, ಒಂದು ಕಳೆದರೂ ಇನ್ನೊಂದಿದೆ ಅಂತ ಧೈರ್ಯವಾಗಿದ್ದ ಹಾಗಾಯಿತು.

ನಮ್ಮ ಸೀಮೆಯಲ್ಲಿ ಇದು ಅಪರೂಪ ಅಲ್ಲ. 2018ರ ಆಗಸ್ಟ್ ನಿನಗೆ ನೆನಪಿರಬೇಕು. ಸಕಲೇಶಪುರ–ಸುಬ್ರಹ್ಮಣ್ಯ ರೈಲು ಹಳಿಯ ಮೇಲೆ ಎಷ್ಟೋ ಕಡೆ ಗುಡ್ಡ ಬಿತ್ತು, ಶಿರಾಡಿ ರಸ್ತೆಯೂ ಮುಚ್ಚಿತು. ಮರುವರ್ಷ ಚಾರ್ಮಾಡಿಯ ಸರದಿ, ಮೂಡಿಗೆರೆ ಕಡೆ ತೋಟಗಳೇ ಜಾರಿದವು. ರಸ್ತೆ, ರೈಲು, ಕರೆಂಟು ಕಂಬ, ಫೈಬರ್ ಎಲ್ಲ ನಂಬಿಕೊಂಡಿರುವುದು ಅದೇ ಗುಡ್ಡವನ್ನು. ಕರೆಂಟು ಹೋದ ಟವರಿಗೆ ಡೀಸೆಲ್ ತರುವ ಜೀಪಿಗೂ ಅದೇ ರಸ್ತೆ ಬೇಕು.

ಲೆಕ್ಕದಲ್ಲೂ ನೋಡು. ಒಂದು ಲಿಂಕು ನೂರರಲ್ಲಿ ಒಂದು ಪಾಲು ಸಮಯ ಕೆಟ್ಟಿರುತ್ತದೆ ಅಂತ ಇಟ್ಟುಕೋ. ಒಂದಕ್ಕೊಂದು ಸಂಬಂಧವಿಲ್ಲದೆ ಕೆಡುವ ಎರಡು ಲಿಂಕುಗಳಿದ್ದರೆ, ಎರಡೂ ಒಟ್ಟಿಗೆ ಕೆಟ್ಟಿರುವುದು ಹತ್ತು ಸಾವಿರದಲ್ಲಿ ಒಂದು ಪಾಲು. ವರ್ಷಕ್ಕೆ ಸುಮಾರು 53 ನಿಮಿಷ. ಈಗ ಕೆಡುವ ಕಾರಣಗಳಲ್ಲಿ ಹತ್ತರಲ್ಲಿ ಒಂದು ಎರಡಕ್ಕೂ ಸೇರಿದ್ದು ಅನ್ನು. ತಕ್ಷಣ ಅದು ಸಾವಿರದಲ್ಲಿ ಒಂದು ಪಾಲಾಗುತ್ತದೆ, ಅಂದರೆ ವರ್ಷಕ್ಕೆ 9 ಗಂಟೆಯ ಹತ್ತಿರ. ಮೂರನೇ ಲಿಂಕು ಹಾಕು, ನಾಲ್ಕನೆಯದು ಹಾಕು. ಸೇರಿದ ಕಾರಣ ಹಾಗೇ ಇದ್ದರೆ ಆ ಗಂಟೆಗಳು ಕಡಿಮೆಯಾಗುವುದಿಲ್ಲ. ಎರಡಕ್ಕೂ ಸೇರಿದ ಈ ಹತ್ತರಲ್ಲೊಂದು ಪಾಲಿಗೆ ನಿಮ್ಮ ಪುಸ್ತಕದಲ್ಲಿ ಬೀಟಾ ಫ್ಯಾಕ್ಟರ್ ಅನ್ನುತ್ತಾರೆ. ಎಷ್ಟೋ ಪ್ರಬಂಧಗಳಲ್ಲಿ ‘ದೋಷಗಳು ಒಂದನ್ನೊಂದು ಅವಲಂಬಿಸಿಲ್ಲ ಎಂದುಕೊಂಡರೆ’ ಅಂತ ಒಂದು ಸಾಲು ಬರೆದು ಮುಂದೆ ಹೋಗಿಬಿಡುತ್ತಾರೆ. ಅಂಥ ಸಾಲು ಕಂಡ ಕಡೆ ನಿಲ್ಲು. ಮುಂದಿನ ಗ್ರಾಫ್‌ಗಳೆಲ್ಲ ಆ ಸಾಲಿನ ಮೇಲೆ ನಿಂತಿರುತ್ತವೆ.

ಹಾರ್ಡ್‌ವೇರಿನಲ್ಲೂ ಇದೇ ಕಥೆ. ಕೆಡುವ ಭಾಗಗಳಿಂದಲೇ ಕೆಡದ ಯಂತ್ರ ಕಟ್ಟುವುದು ಹೇಗೆ ಅಂತ ಜಾನ್ ಫಾನ್ ನಾಯ್ಮನ್ 1952ರಲ್ಲಿ ಕ್ಯಾಲ್‌ಟೆಕ್‌ನಲ್ಲಿ ಉಪನ್ಯಾಸ ಕೊಟ್ಟರು. ಪ್ರಾಗ್ ನಗರದಲ್ಲಿ ಆಂಟೊನಿನ್ ಸ್ವೊಬೊಡಾ ಕಟ್ಟಿದ ಸಾಪೋ ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವ ಘಟಕ ಮೂರಿದ್ದವು, ಹೆಚ್ಚು ಮತ ಬಿದ್ದ ಉತ್ತರವೇ ಸರಿ. ಅದು 1957. ನೀನು ಲ್ಯಾಬಿನಲ್ಲಿ ಎಫ್‌ಪಿಜಿಎ, ಅಂದರೆ ಬೇಕಾದ ಸರ್ಕ್ಯೂಟನ್ನು ನಾವೇ ರೂಪಿಸಿಕೊಳ್ಳಬಹುದಾದ ಚಿಪ್ಪಿನ ಮೇಲೆ ಮಾಡಹೊರಟಿರುವುದೂ ಇದೇ ಮೂರರ ಮತದಾನ. ಒಂದೊಂದು ಭಾಗವೂ ನೂರಕ್ಕೆ 90 ಸಲ ಸರಿ ಹೇಳಿದರೆ, ಮತದಿಂದ ಅದು 97 ದಾಟುತ್ತದೆ. 50 ಸಲ ಸರಿಯಾದರೆ ಮತ ಹಾಕಿದರೂ 50. 40 ಆಗಿದ್ದರೆ 35ಕ್ಕೆ ಇಳಿಯುತ್ತದೆ. ಕೆಟ್ಟ ಭಾಗಗಳನ್ನು ಮೂರು ಇಟ್ಟರೆ ಪರಿಸ್ಥಿತಿ ಇನ್ನೂ ಹದಗೆಡುತ್ತದೆ. ಮೂರಕ್ಕೂ ಕ್ಲಾಕ್, ಅಂದರೆ ಕೆಲಸಕ್ಕೆ ತಾಳ ಹಾಕುವ ಸಿಗ್ನಲ್ಲು, ಎಲ್ಲಿಂದ ಬರುತ್ತೆ? ಪವರ್ ಎಲ್ಲಿಂದ? ಮತ ಎಣಿಸುವ ಸರ್ಕ್ಯೂಟು ಒಂದೇ ಇದೆಯಾ? ಚಿತ್ರ ಬರೆಯುವ ಮುಂಚೆ ಇದಕ್ಕೆ ಉತ್ತರ ಬರೆದಿಡು. ಅಮೆರಿಕದ ಸ್ಪೇಸ್ ಷಟಲ್‌ನಲ್ಲಿ ಐದು ಕಂಪ್ಯೂಟರುಗಳಿದ್ದವು. ನಾಲ್ಕರಲ್ಲಿ ಒಂದೇ ಸಾಫ್ಟ್‌ವೇರ್. ಐದನೆಯದಕ್ಕೆ ಬೇಕೆಂದೇ ಬೇರೆಯವರಿಂದ ಬೇರೆ ಸಾಫ್ಟ್‌ವೇರ್ ಬರೆಸಿದ್ದರು. ಆ ಐದನೆಯದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದು.

ಇದಕ್ಕೆ ದೂರದ ಉದಾಹರಣೆಯೇ ಬೇಕಿಲ್ಲ. ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆಯಲ್ಲ, ನೀನು ಚಿಕ್ಕವಳಿದ್ದಾಗ ಬಸ್ಸಿನಿಂದ ಆ ದೊಡ್ಡ ಡಿಶ್‌ಗಳನ್ನು ನೋಡುತ್ತಿದ್ದೆ. 1982ರಿಂದ ನಮ್ಮ ಇನ್ಸಾಟ್ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ. ದಾರಿ ತೋರಿಸುವ ನಮ್ಮ ನಾವಿಕ್ ಉಪಗ್ರಹಗಳ ಮೇಲೂ ಅಲ್ಲಿಂದ ನಿಗಾ ಇಡುತ್ತಾರೆ. ಅದರಲ್ಲಿ ಮೊದಲನೆಯದು ಐಆರ್‌ಎನ್‌ಎಸ್‌ಎಸ್–1ಎ, 2013ರ ಜುಲೈನಲ್ಲಿ ಹಾರಿತು. ಒಳಗೆ ಮೂರು ರುಬಿಡಿಯಂ ಪರಮಾಣು ಗಡಿಯಾರ. ದಾರಿಯ ಲೆಕ್ಕವೆಲ್ಲ ಅವು ತೋರಿಸುವ ಸಮಯದ ಮೇಲೇ ನಿಂತಿದೆ. ಒಂದು ನಿಂತರೆ ಇನ್ನೊಂದು, ಅದೂ ನಿಂತರೆ ಮತ್ತೊಂದು. ಮೂರೂ ಒಂದೇ ತಯಾರಕರದ್ದು, ಒಂದೇ ಮಾದರಿಯದ್ದು. ಮೂರೂ ನಿಂತುಹೋದವು. 36,000 ಕಿಲೋಮೀಟರ್ ಎತ್ತರದಲ್ಲಿ ಇರುವುದನ್ನು ರಿಪೇರಿ ಮಾಡುವುದು ಸಾಧ್ಯವಿಲ್ಲ. ಬದಲಿ ಉಪಗ್ರಹ 2017ರಲ್ಲಿ ಹೋಯಿತು, ರಾಕೆಟ್ಟಿನ ಶಾಖ ಕವಚ ಬಿಚ್ಚಿಕೊಳ್ಳದೆ ಅದೂ ದಕ್ಕಲಿಲ್ಲ. 2018ರ ಏಪ್ರಿಲ್‌ನಲ್ಲಿ ಮತ್ತೊಂದು ಕಳಿಸಬೇಕಾಯಿತು.

ಅದೇ ಹೊತ್ತಿಗೆ ಯುರೋಪಿನ ಗೆಲಿಲಿಯೋ ಉಪಗ್ರಹಗಳಲ್ಲೂ ಗಡಿಯಾರಗಳು ನಿಲ್ಲುತ್ತಿದ್ದವು. ಅಲ್ಲಿ ಒಂದೊಂದರಲ್ಲಿ ನಾಲ್ಕು ಗಡಿಯಾರ: ಎರಡು ರುಬಿಡಿಯಂ, ಎರಡು ಹೈಡ್ರೋಜನ್ ಮೇಸರ್ ಅನ್ನುವ ಬೇರೆ ಬಗೆಯವು. ಎರಡು ಬಗೆಯವೂ ಕೆಡುವ ರೀತಿಯೇ ಬೇರೆ. ಎಲ್ಲ ಗಡಿಯಾರಗಳೂ ನಿಂತ ಉಪಗ್ರಹ ಆಗ ಅವರಲ್ಲಿ ಒಂದೂ ಇರಲಿಲ್ಲ. ನಮ್ಮವರೂ ಸುಮ್ನೆ ಕೂರಲಿಲ್ಲ. 2023ರ ಮೇ ತಿಂಗಳಲ್ಲಿ ಹೋದ ಎನ್‌ವಿಎಸ್–01ರಲ್ಲಿ ನಮ್ಮ ದೇಶದಲ್ಲೇ ಮಾಡಿದ ರುಬಿಡಿಯಂ ಗಡಿಯಾರ ಇದೆ. ನನಗೆ ಅದು ಬಹಳ ಹೆಮ್ಮೆಯ ವಿಷಯ.

ನೆಟ್‌ವರ್ಕಿನಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಕೆಟ್ಟಿದ್ದು ಮಾತ್ರ ಅಪಾಯ ಅಲ್ಲ, ಸರಿಯಾಗಿ ಎದ್ದು ಬರುವುದೂ ಅಪಾಯ. 1990ರ ಜನವರಿ 15ರಂದು ಅಮೆರಿಕದ ಫೋನ್ ಕಂಪನಿ ಎಟಿ ಆ್ಯಂಡ್ ಟಿಯ ಒಂದು ಸ್ವಿಚ್ಚಿನಲ್ಲಿ, ಅಂದರೆ ಕರೆಗಳನ್ನು ಜೋಡಿಸುವ ಯಂತ್ರದಲ್ಲಿ, ಚಿಕ್ಕ ತೊಂದರೆ ಆಯಿತು. ಅದು ತಾನೇ ರಿಪೇರಿ ಮಾಡಿಕೊಂಡು, ಮತ್ತೆ ಕೆಲಸಕ್ಕೆ ಬಂದಿದ್ದೇನೆ ಅಂತ ಪಕ್ಕದ ಸ್ವಿಚ್ಚುಗಳಿಗೆ ಸುದ್ದಿ ಮುಟ್ಟಿಸಿತು. ಆ ಸುದ್ದಿ ಓದುವ ಸಾಫ್ಟ್‌ವೇರಿನಲ್ಲೇ ತಪ್ಪು. ಪಕ್ಕದವು ಬಿದ್ದವು, ಎದ್ದವು, ತಮ್ಮ ಪಕ್ಕದವಕ್ಕೆ ಅದೇ ಸುದ್ದಿ ಕಳಿಸಿದವು. 114 ಸ್ವಿಚ್ಚಿನಲ್ಲೂ ಅದೇ ಸಾಫ್ಟ್‌ವೇರ್. ಸುಮಾರು 9 ಗಂಟೆ ದೇಶದ ತುಂಬ ಇದೇ ಗೋಳು. 2022ರ ಜುಲೈನಲ್ಲಿ ಜಪಾನಿನ ಕೆಡಿಡಿಐ ಮೊಬೈಲ್ ನೆಟ್‌ವರ್ಕಿನಲ್ಲಿ ಆಗಿದ್ದು ಇನ್ನೂ ಹತ್ತಿರದ ಪಾಠ. ರೂಟರ್ ಕೆಲಸದ ವೇಳೆ ಕಾಲು ಗಂಟೆಯಷ್ಟು ಹೊತ್ತು ಮಾತು ನಿಂತಿತು. ರೂಟರನ್ನು ಮೊದಲಿನ ಸ್ಥಿತಿಗೆ ತಂದರು. ಆದರೆ ಅಷ್ಟರಲ್ಲಿ ಲಕ್ಷಾಂತರ ಫೋನುಗಳು ನಾನೆಲ್ಲಿದ್ದೇನೆ ಅಂತ ಮತ್ತೆ ನೋಂದಾಯಿಸಿಕೊಳ್ಳಲು ಒಟ್ಟಿಗೆ ಮುಗಿಬಿದ್ದವು. ಆ ನೂಕುನುಗ್ಗಲು ಕರಗುವುದಕ್ಕೆ ಎರಡೂವರೆ ದಿನ ಬೇಕಾಯಿತು. ನಮ್ಮಲ್ಲೂ ಕರೆಂಟು ಬಂದು ಟವರು ಎದ್ದ ಕೂಡಲೇ ಸುತ್ತಲಿನ ಫೋನುಗಳೆಲ್ಲ ಒಂದೇ ಸಲ ಬಾಗಿಲು ತಟ್ಟುತ್ತವೆ. ಹಾರ್ಡ್‌ವೇರ್ ಎಷ್ಟು ಬೇಗ ಎದ್ದು ಬರುತ್ತದೆ ಅಂತ ಅಳೆಯುವವರು ಬಹಳ. ಎದ್ದ ಮೇಲೆ ಆ ಹೊರೆ ತಡೆಯುತ್ತದೆಯಾ ಅಂತ ಟವರಿನ ಯಂತ್ರದ, ಅಂದರೆ ಬೇಸ್ ಸ್ಟೇಷನ್ನಿನ ಪ್ರೊಸೆಸರ್ ಮತ್ತು ನೆಟ್‌ವರ್ಕ್ ಎರಡನ್ನೂ ಒಟ್ಟಿಗೆ ಇಟ್ಟು ಪರೀಕ್ಷೆ ಮಾಡು. ನಿನ್ನ ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಹೊಳೆಯುತ್ತಿಲ್ಲ.

ಒಳ್ಳೆಯದನ್ನೂ ಹೇಳಬೇಕು. 1986ರ ಜುಲೈನಲ್ಲಿ ನಮ್ಮ ಕಿತ್ತೂರಿನಲ್ಲಿ ಸರ್ಕಾರದ ಟೆಲಿಫೋನ್ ಸಂಶೋಧನಾ ಸಂಸ್ಥೆ ಸಿ–ಡಾಟ್‌ನವರು ತಾವು ಮಾಡಿದ ಮೊದಲ ಹಳ್ಳಿ ಎಕ್ಸ್‌ಚೇಂಜ್ ಕೂರಿಸಿದರು. 128 ಪೋರ್ಟಿನದು, ನಾವು ರ್‍ಯಾಕ್ಸ್ ಅನ್ನುತ್ತಿದ್ದೆವು. ಹೊರದೇಶದ ಎಕ್ಸ್‌ಚೇಂಜುಗಳಿಗೆ ಎಸಿ ಕೋಣೆ ಬೇಕಿತ್ತು. ಇದು ಹಳ್ಳಿಯ ಸಾದಾ ಕೋಣೆಯ ಸೆಕೆ, ಧೂಳಿನಲ್ಲಿ ನಡೆಯುತ್ತಿತ್ತು. ಮುಖ್ಯ ಕಾರ್ಡುಗಳು ಜೋಡಿ: ಕಾಪಿ ಜೀರೋ, ಕಾಪಿ ಒನ್. ಒಂದು ಕೆಟ್ಟರೆ ಇನ್ನೊಂದು ವಹಿಸಿಕೊಳ್ಳುತ್ತಿತ್ತು, ಕೆಟ್ಟ ಕಾರ್ಡನ್ನು ಬದಲಿಸಿದರೆ ಆಯಿತು. ಇಲ್ಲಿ ಜಾಣತನ ಇದ್ದದ್ದು ಜೋಡಿ ಇಟ್ಟಿದ್ದರಲ್ಲಿ ಮಾತ್ರ ಅಲ್ಲ. ಎಸಿ ಅನ್ನುವ, ಎರಡೂ ಕಾಪಿಗೆ ಸೇರಿದ ಅವಲಂಬನೆಯನ್ನೇ ತೆಗೆದುಹಾಕಿದ್ದರಲ್ಲಿ. ಅದನ್ನು ಮಾಡಿದವರು ಆಗ ನಿನ್ನ ವಯಸ್ಸಿನ ಹುಡುಗ ಹುಡುಗಿಯರು.

ಇನ್ನು ಕೆಲಸ ಮಾಡುವ ರೀತಿ. ಸಿಮ್ಯುಲೇಷನ್ ಬೇಕು, ಬೇಡ ಅನ್ನುವುದಿಲ್ಲ. ಆದರೆ ಟವರಿನ ಬುಡಕ್ಕೆ ಹೋಗದೆ ಮಾಡೆಲ್ ಬರೆಯಬೇಡ. ಅಲ್ಲಿನ ಬ್ಯಾಟರಿ ಬ್ಯಾಂಕ್ ನೋಡು. 2 ವೋಲ್ಟಿನ 24 ಸೆಲ್ ಸಾಲಾಗಿ ಸೇರಿ 48 ವೋಲ್ಟು, ಚಾರ್ಜಿನಲ್ಲಿ ಇರುವಾಗ ಮೀಟರ್ 54ರ ಆಸುಪಾಸು ತೋರಿಸುತ್ತದೆ. ಎಲ್ಲ ಸರಿ ಅನ್ನಿಸುತ್ತದೆ. ಕರೆಂಟು ಹೋದ ಮೇಲೆ ಒಂದೊಂದೇ ಸೆಲ್‌ಗೆ ಮೀಟರ್ ಹಿಡಿದು ನೋಡು. ಒಂದು ಸೆಲ್ ಕುಸಿದಿದ್ದರೆ ಉಳಿದ 23 ಚೆನ್ನಾಗಿದ್ದೂ ಪ್ರಯೋಜನ ಇಲ್ಲ, ಲೋಡ್ ಬಿದ್ದ ಸ್ವಲ್ಪ ಹೊತ್ತಿಗೆ ಇಡೀ ಬ್ಯಾಂಕ್ ಕೈಕೊಡುತ್ತದೆ. ಇದು ಮೀಟರ್ ಹಿಡಿದವರಿಗೆ ಗೊತ್ತಿರುವ ವಿಷಯ. ಟೆಕ್ನಿಷಿಯನ್‌ಗಳನ್ನು ಗೌರವದಿಂದ ಮಾತಾಡಿಸು, ಅವರ ಲಾಗ್ ಪುಸ್ತಕ ಓದು. ಯಾವ ಜಾಯಿಂಟ್ ಪ್ರತಿ ವರ್ಷ ಹೋಗುತ್ತದೆ, ಯಾವ ಅಲಾರಂ ಸುಳ್ಳು ಹೇಳುತ್ತದೆ, ಅವರಿಗೆ ಬಾಯಿಪಾಠ. ಅವರು ಕೊಟ್ಟ ಮಾಹಿತಿಯಿಂದ ಪ್ರಬಂಧ ಬಂದರೆ ಅದರಲ್ಲಿ ಅವರನ್ನು ನೆನೆಯುವುದನ್ನು ಮರೆಯಬೇಡ.

ಲ್ಯಾಬಿನಲ್ಲಿ ಬೇಕೆಂದೇ ಕೆಡಿಸಿ ನೋಡು. ಬಿಟ್ ತಿರುಗಿಸು, ಕ್ಲಾಕ್ ನಿಲ್ಲಿಸು, ಪವರ್ ಕಿತ್ತು ಹಾಕು, ಎರಡನ್ನು ಒಟ್ಟಿಗೆ ಕೆಡಿಸು. ನಿನ್ನ ವಿನ್ಯಾಸ ಎಲ್ಲಿ ಸೋತಿತು ಅನ್ನುವುದನ್ನು ಪ್ರಬಂಧದಲ್ಲಿ ಮುಚ್ಚಿಡದೆ ಬರೆ. ಗೈಡ್ ಬೇಡ ಅಂದರೆ ನಯವಾಗಿ ವಾದ ಮಾಡು, ಬಿಡಬೇಡ. ಮಳೆಗಾಲದಲ್ಲಿ ಹೆರಿಗೆ ನೋವು ಬಂದವಳ ಮನೆಯವರು ಆಂಬ್ಯುಲೆನ್ಸಿಗೆ ಫೋನ್ ಮಾಡುವುದು ಈ ಟವರಿನಿಂದಲೇ ಅಲ್ವಾ? ಅವರಿಗೆ ನಿನ್ನ ಗ್ರಾಫ್ ಬೇಡ, ಆ ಒಂದು ಕರೆ ಸಿಕ್ಕರೆ ಸಾಕು.

ಗೌರಿ ಹಬ್ಬಕ್ಕೆ ಬಾ, ಮಳೆ ಇರುವಾಗಲೇ. ದೀಪಾವಳಿ ಹೊತ್ತಿಗೆ ಎಲ್ಲ ಸರಿಮಾಡಿಬಿಟ್ಟಿರುತ್ತಾರೆ, ನೋಡುವುದಕ್ಕೆ ಏನೂ ಸಿಗುವುದಿಲ್ಲ. ಘಾಟಿ ಕಡೆಯ ಟವರು ನೋಡಿಕೊಳ್ಳುವ ಹುಡುಗ ನನಗೆ ಪರಿಚಯ, ಹೇಳಿಟ್ಟಿದ್ದೇನೆ. ಹೊರಗಿನವರನ್ನು ಸುಮ್ನೆ ಒಳಗೆ ಬಿಡುವುದಿಲ್ಲ, ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಒಂದು ಅನುಮತಿ ಪತ್ರ ಬರೆಸಿಕೊಂಡು ಬಾ. ಒಂದು ಮಲ್ಟಿಮೀಟರ್, ನೆನೆಯದ ಹಾಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ನೋಟ್‌ಬುಕ್ಕು, ಮೊಣಕಾಲಿನವರೆಗೆ ಬರುವ ಗಮ್ ಬೂಟು ಇರಲಿ. ಇಂಬಳದ ಕಾಟ ಈ ಸಲ ಜಾಸ್ತಿ ಇದೆ. ಉಪ್ಪು, ಹೊಗೆಸೊಪ್ಪು ಇಲ್ಲೇ ಇದೆ, ಅದನ್ನು ತರಬೇಡ. ಯಾವ ಬಸ್ಸಿಗೆ ಬರುತ್ತೀಯ ಅಂತ ದೊಡ್ಡಮ್ಮನಿಗೆ ಮೆಸೇಜ್ ಹಾಕು.

ಇಂತಿ
ನಿನ್ನ ದೊಡ್ಡಪ್ಪ