ನೂರು ಫೀಲ್ಡ್

ಡೊಂಬಿವಲಿ, ಭಾನುವಾರ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ನಿನ್ನ ಪತ್ರ ಬಂದು ನಾಲ್ಕು ದಿನ ಆಯಿತು. ಪುಣೆಯ ರೂಮು, ಮೆಸ್ಸು, ಅಪ್ಪನ ಸಿಟ್ಟು, ಅದೆಲ್ಲ ಇರಲಿ ಬಿಡು, ಮನೆಯಲ್ಲಿ ಎಲ್ಲರಿಗೂ ಗೊತ್ತಿರುವುದೇ. ನಿನ್ನ ಪ್ರಾಜೆಕ್ಟಿನಲ್ಲಿ ಟಿಬಿ ಟೆಸ್ಟಿಗೆ ಬಂದ ಆ ಎಚ್‌ಐವಿ ಇರುವ ಹೆಂಗಸಿನ ಬಗ್ಗೆ, ಮೂರನೇ ಪುಟದಲ್ಲಿ ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಬರೆದಿದ್ದೀಯಲ್ಲ ಎರಡು ಸಾಲು, ಅದು ನನ್ನನ್ನು ಬಿಡುತ್ತಿಲ್ಲ. 'ಎಲ್ಲ ಟೆಸ್ಟೂ ನೆಗೆಟಿವ್, ಏನೂ ಇಲ್ಲ ಅಂತ ನಾನೇ ಹೇಳಿ ಕಳಿಸಿದೆ. ಸೋಮವಾರ ಬರಬೇಕಿತ್ತು, ಬರಲಿಲ್ಲ. ಆಯಮ್ಮನನ್ನು ನಾನು ಎಲ್ಲಿಗೆ ಕಳಿಸಿದೆ ದೊಡ್ಡಮ್ಮಾ?'

ಕುಕ್ಕರ್ ಎಷ್ಟು ಸಲ ಕೂಗಿತೋ ಗೊತ್ತಿಲ್ಲ. ನಿನ್ನ ದೊಡ್ಡಪ್ಪನೇ ಎದ್ದು ಹೋಗಿ ಗ್ಯಾಸ್ ಆರಿಸಿದರು.

ಧೈರ್ಯ ಹೇಳಿ ಬರೆಯೋಣ ಎಂದು ಕೂತವಳು ಎರಡು ಹಾಳೆ ಹರಿದು ಹಾಕಿದೆ. ನೀನು ಕೇಳಿದ್ದನ್ನೇ ನಾನು 1999ರಿಂದ ಕೇಳಿಕೊಳ್ಳುತ್ತಾ ಬಂದಿದ್ದೇನೆ. ನಿನಗೆ ಸಮಾಧಾನ ಹೇಳುವ ಬಾಯಿ ನನಗೆ ಎಲ್ಲಿದೆ?

ನಾನು ಲ್ಯಾಬಿನಲ್ಲಿದ್ದ ಕಾಲದಲ್ಲಿ ಟಿಬಿ ಟೆಸ್ಟ್ ಎಂದರೆ ಕಫದ ಸ್ಲೈಡು. ಪೊರಕೆ ಕಡ್ಡಿ ಮುರಿದು, ಅದರ ತುದಿಯಲ್ಲಿ ಕಫದ ಹಳದಿ ಭಾಗವನ್ನು ಎತ್ತಿ ಗಾಜಿನ ಮೇಲೆ ಸವರುವುದು. ಒಣಗಿದ ಮೇಲೆ ಕಾರ್ಬಾಲ್ ಫುಕ್ಸಿನ್ ಎಂಬ ಕೆಂಪು ಬಣ್ಣ ಸುರಿದು, ಆವಿ ಏಳುವ ತನಕ ಕೆಳಗಿನಿಂದ ಬಿಸಿ. ಕುದಿಯಬಾರದು. ಆಮೇಲೆ ಆಸಿಡ್, ಆಮೇಲೆ ನೀಲಿ. ನೀಲಿಯ ನಡುವೆ ಕೆಂಪು ಕಡ್ಡಿ ಕಂಡರೆ ಪಾಸಿಟಿವ್. ಆ ಬಣ್ಣ ನನ್ನ ಬೆರಳಿನಿಂದ ಹೋಗುತ್ತಲೇ ಇರಲಿಲ್ಲ. ಲೇಡೀಸ್ ಡಬ್ಬಿಯಲ್ಲಿ ಪಕ್ಕಕ್ಕೆ ಕೂತು ಮೆಂತ್ಯ ಸೊಪ್ಪು ಬಿಡಿಸುವವರು, ಯಾರ ಮದುವೆಯ ಮೆಹಂದಿ ಎಂದು ಕೇಳುತ್ತಿದ್ದರು. ನಾನು ಸುಮ್ನೆ ನಕ್ಕುಬಿಡುತ್ತಿದ್ದೆ.

ನೆಗೆಟಿವ್ ಎಂದು ಬರೆಯುವ ಮೊದಲು 100 ಫೀಲ್ಡ್ ನೋಡಬೇಕು. ಫೀಲ್ಡ್ ಎಂದರೆ ಮೈಕ್ರೋಸ್ಕೋಪಿನಲ್ಲಿ ಒಮ್ಮೆಗೆ ಕಾಣುವಷ್ಟು ಜಾಗ. ಅದು ನಿಯಮ. ಒಂದು ಫೀಲ್ಡ್ ನೋಡಿ, ಸ್ಲೈಡನ್ನು ಕೂದಲೆಳೆಯಷ್ಟು ಸರಿಸಿ, ಮತ್ತೊಂದು. ಟೇಬಲ್ ತುಂಬ ಸ್ಲೈಡ್ ಬಿದ್ದ ದಿನ ನಾನು 100 ನೋಡಿಲ್ಲ ಪುಟ್ಟಿ. ಕಣ್ಣು ಉರಿಯುತ್ತಿತ್ತು, ಆರು ಗಂಟೆಯ ಫಾಸ್ಟ್ ಲೋಕಲ್ ತಪ್ಪುತ್ತಿತ್ತು. ಐವತ್ತಕ್ಕೇ ನಿಲ್ಲಿಸಿ ನೆಗೆಟಿವ್ ಬರೆದ ದಿನಗಳಿವೆ. ಇದನ್ನು ನಿನ್ನ ಅಮ್ಮನಿಗೂ ಹೇಳಿಲ್ಲ.

1999ರಲ್ಲೇ ಒಬ್ಬರು ರೋಗಿ ಬಂದದ್ದು. ನಮ್ಮ ಉಡುಪಿ ಕಡೆಯವರು. ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುವ ಕೆಲಸ. ಕಿಟಕಿಯ ಹತ್ತಿರ ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ, 'ನೀವು ನಮ್ಮವರಾ?' ಎಂದರು. ಆಮೇಲೆ ಬೇರೆ ಯಾರಿಗೂ ಡಬ್ಬಿ ಕೊಡಲಿಲ್ಲ, ನನ್ನ ಕೈಗೇ ಕೊಡುತ್ತಿದ್ದರು. ಆಗ ಮೂರು ಸಲ ಕಫ ತರಬೇಕಿತ್ತು. ಮೂರೂ ನೆಗೆಟಿವ್. ಎಕ್ಸ್‌ರೇ ಕೂಡ ಸ್ವಚ್ಛ. ಎಚ್‌ಐವಿ ಇದೆ ಎಂದು ಅವರ ಕೇಸ್ ಪೇಪರಿನಲ್ಲಿ ಇತ್ತು, ನಾನು ನೋಡಿದ್ದೆ. 'ಏನೂ ಇಲ್ಲ, ಆರಾಮಾಗಿ ಊರಿಗೆ ಹೋಗಿ ಬನ್ನಿ' ಎಂದೆ. ಎಷ್ಟು ಖುಷಿಯಿಂದ ಹೇಳಿದೆ ಗೊತ್ತಾ? ಒಳ್ಳೆಯ ಸುದ್ದಿ ಹೇಳುವ ಅವಕಾಶ ಆ ಕಿಟಕಿಯಲ್ಲಿ ಸಿಗುವುದೇ ಅಪರೂಪ. ಅವರು ಶರ್ಟಿನ ಜೇಬಿಗೆ ಕಾಗದ ಮಡಚಿ ಇಟ್ಟುಕೊಂಡು ಎರಡು ಸಲ ಕೈ ಮುಗಿದರು.

ಎರಡು ತಿಂಗಳ ಮೇಲೆ ಅವರ ತಮ್ಮ ಹಳೆಯ ಕಾಗದ ಕೇಳಿಕೊಂಡು ಬಂದ. ಊರಿನಲ್ಲಿ ತೀರಿಕೊಂಡಿದ್ದರು. ಕೊನೆಗೆ ಅಲ್ಲಿಯ ಡಾಕ್ಟರು ಟಿಬಿಯೇ ಎಂದರಂತೆ, ಮೈಯೆಲ್ಲ ಹರಡಿತ್ತಂತೆ.

ಅವರ ಸ್ಲೈಡಿನಲ್ಲಿ ನಾನು 100 ಫೀಲ್ಡ್ ನೋಡಿದೆನಾ? ನೆನಪಿಲ್ಲ. ಎಷ್ಟು ನೆನಪಿಸಿಕೊಂಡರೂ ಬರುವುದಿಲ್ಲ.

ನೀನು ಕಳಿಸಿದ ಝೆರಾಕ್ಸ್‌ಗಳನ್ನು ಬಾಲ್ಕನಿಯಲ್ಲಿ ಕೂತು ಓದಿದೆ. ಇಂಗ್ಲಿಷು ಕಷ್ಟ, ಆದರೆ ನಮ್ಮ ಕೆಲಸದ ಮಾತು ಗೊತ್ತಾಗುತ್ತದೆ. ಸ್ಲೈಡಿನಲ್ಲಿ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ 5,000ದಿಂದ 10,000 ಕ್ರಿಮಿ ಇರಬೇಕು. ಎಚ್‌ಐವಿ ಜಾಸ್ತಿ ಆದವರಲ್ಲಿ ಎಷ್ಟೋ ಸಲ ಅಷ್ಟು ಇರುವುದಿಲ್ಲ. ಶ್ವಾಸಕೋಶದಲ್ಲಿ ಗುಳಿ ಬೀಳುವುದು ಮೈ ರೋಗದ ಜೊತೆ ಹೋರಾಡುವುದರಿಂದ. ಜಗಳ ಆಡಲು ತ್ರಾಣವೇ ಇಲ್ಲದ ಮನೆಯಲ್ಲಿ ಪಾತ್ರೆ ಬಿದ್ದ ಸದ್ದೂ ಕೇಳುವುದಿಲ್ಲ ನೋಡು, ಹಾಗೆ. ಗುಳಿ ಇಲ್ಲದಿದ್ದರೆ ಕಫಕ್ಕೆ ಹೆಚ್ಚು ಕ್ರಿಮಿ ಬರುವುದಿಲ್ಲ, ಎಕ್ಸ್‌ರೇ ಕೂಡ ಕೆಲವು ಸಲ ಸುಳ್ಳು ಹೇಳುತ್ತದೆ. ಬಡ ದೇಶಗಳಲ್ಲಿ ಎಚ್‌ಐವಿ ಇದ್ದು ಸತ್ತವರ ಮರಣೋತ್ತರ ಪರೀಕ್ಷೆಗಳನ್ನು ಒಟ್ಟು ಹಾಕಿ 2015ರಲ್ಲಿ ಬರೆದದ್ದು ಇತ್ತಲ್ಲ, ದೊಡ್ಡವರಲ್ಲಿ 100ಕ್ಕೆ ಸುಮಾರು 40 ಜನರಲ್ಲಿ ಟಿಬಿ, ಅದರಲ್ಲಿ ಹತ್ತಿರಹತ್ತಿರ ಅರ್ಧ ಜನರಿಗೆ ಬದುಕಿರುವಾಗ ಅದು ಗೊತ್ತೇ ಆಗಿರಲಿಲ್ಲ ಎಂದು. ಅದನ್ನು ಓದಿ ಕನ್ನಡಕ ತೆಗೆದಿಟ್ಟೆ.

ಹಾಗಾದರೆ ನನ್ನ ತಪ್ಪಲ್ಲ, ಅಲ್ವಾ? 100 ಅಲ್ಲ, 300 ಫೀಲ್ಡ್ ನೋಡಿದ್ದರೂ ಕಾಣುತ್ತಿರಲಿಲ್ಲವೇನೋ. ಹಾಗೆ ಅಂದುಕೊಂಡು ಒಂದು ರಾತ್ರಿ ಚೆನ್ನಾಗಿ ಮಲಗಿದೆ. ಬೆಳಿಗ್ಗೆ ಹಾಲಿನವನು ಗಂಟೆ ಒತ್ತುವಷ್ಟರಲ್ಲಿ ಮತ್ತೆ ಅದೇ. ಕಾಣದಿದ್ದದ್ದು ಬೇರೆ, ನೋಡದಿದ್ದದ್ದು ಬೇರೆ. ಅದಕ್ಕಿಂತ ಹೆಚ್ಚಾಗಿ, 'ಏನೂ ಇಲ್ಲ' ಎಂದ ಬಾಯಿ ನನ್ನದೇ. ಆ ಮಾತು ಯಾವ ಸ್ಲೈಡಿನಲ್ಲೂ ಇರಲಿಲ್ಲ.

ನಿನ್ನ ಹತ್ತಿರ ನನ್ನ ಪೊರಕೆ ಕಡ್ಡಿ ಅಲ್ಲ, ಕಫದಲ್ಲಿ ಟಿಬಿ ಕ್ರಿಮಿಯ ಡಿಎನ್‌ಎ ಹುಡುಕುವ ಯಂತ್ರ, ಎಕ್ಸ್‌ಪರ್ಟ್ ಅಲ್ಟ್ರಾ ಇದೆ. ಮಿಲಿಲೀಟರಿಗೆ 16 ಕ್ರಿಮಿ ಇದ್ದರೂ ಹಿಡಿಯಬಲ್ಲದು ಎಂದು ಓದಿ ಹೊಟ್ಟೆಕಿಚ್ಚೇ ಆಯಿತು. ಟಿಬಿ ಕ್ರಿಮಿಯ ಚೂರನ್ನು ಮೂತ್ರದಲ್ಲಿ ಹಿಡಿಯುವ ಲ್ಯಾಮ್ ಪಟ್ಟಿಯೂ ಇದೆ. 60 ಮೈಕ್ರೋಲೀಟರ್, 25 ನಿಮಿಷ, ಮಸುಕು ಗೆರೆಯನ್ನು ಕಾರ್ಡಿನ ಪಕ್ಕ ಹಿಡಿದು ನೋಡುವುದು. ಕಫವೇ ಬಾರದಷ್ಟು ಸೋತವರೂ ಮೂತ್ರ ಕೊಡಬಲ್ಲರು. ಆಫ್ರಿಕಾದ 10 ಆಸ್ಪತ್ರೆಗಳಲ್ಲಿ ಟಿಬಿಯ ಅನುಮಾನ ಇದ್ದ ಎಚ್‌ಐವಿ ರೋಗಿಗಳಿಗೆ ಅದನ್ನು ಬಳಸಿದಾಗ 8 ವಾರದೊಳಗಿನ ಸಾವು 100ಕ್ಕೆ 25ರಿಂದ 21ಕ್ಕೆ ಇಳಿಯಿತಂತೆ. ನಾಲ್ಕೇ ಜನ ಎಂದರು ನಿನ್ನ ದೊಡ್ಡಪ್ಪ. ನಮ್ಮ ಮನೆಯಲ್ಲಿ ಊಟಕ್ಕೆ ಕೂರುವವರೂ ನಾಲ್ಕೇ ಜನ ಎಂದೆ.

ಆದರೆ ಅದೇ ಕಾಗದದ ಕಟ್ಟಿನಲ್ಲಿ ಇನ್ನೊಂದು ಲೆಕ್ಕ ಇತ್ತು. ಲಕ್ಷಣ ಇದ್ದು ಟಿಬಿಯೂ ಇರುವ 100 ಎಚ್‌ಐವಿ ರೋಗಿಗಳಲ್ಲಿ ಆ ಪಟ್ಟಿ ಹಿಡಿಯುವುದು ಸುಮಾರು 42. ಉಳಿದವರು ನೆಗೆಟಿವ್ ಎಂದು ಎದ್ದು ಹೋಗುತ್ತಾರೆ. ನಿನ್ನ ಭಯ ಅಲ್ಲಿಯೇ ಕೂತಿದೆ. ಅದು ಹುಚ್ಚು ಭಯ ಅಲ್ಲ ಪುಟ್ಟಿ. ಅಷ್ಟೆಲ್ಲ ಓದಿದವಳಿಗೆ ಬರಬೇಕಾದ ಭಯವೇ.

ನಾನೇನು ಡಾಕ್ಟರಲ್ಲ. ನಿನ್ನ ಮೇಲಿನವರು ಇದನ್ನೆಲ್ಲ ಹೇಳಿಯೇ ಇರುತ್ತಾರೆ. ಆದರೂ, 'ಏನೂ ಇಲ್ಲ' ಎನ್ನಬೇಡ. 'ಇವತ್ತು ಕೊಟ್ಟ ಕಫದಲ್ಲಿ ಸಿಕ್ಕಿಲ್ಲ' ಎನ್ನು. ಮರಾಠಿಯಲ್ಲಿ ಹೇಳುವಾಗ ಇನ್ನೊಂದು ಮಾತು: ಥುಂಕಿ ಎಂದರೆ ಜನ ಉಗುಳು ತಂದುಕೊಡುತ್ತಾರೆ, ಬೇಡ್ಕಾ ಎನ್ನಬೇಕು. ಇದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು.

ಕೆಮ್ಮು, ಜ್ವರ, ತೂಕ ಇಳಿದದ್ದು, ರಾತ್ರಿ ಬೆವರು, ಈ ನಾಲ್ಕನ್ನು ಪ್ರತಿ ಸಲವೂ ಕೇಳಬೇಕು ಎಂದು ನೀನೇ ಹೇಳಿದ್ದೆ. ಆಯಮ್ಮನ ತೂಕ ಬರೆದುಕೊಂಡಿದ್ದೀಯಾ? ಕಲ್ಚರ್, ಅಂದರೆ ಕಫದ ಕ್ರಿಮಿ ಬೆಳೆಯುತ್ತದಾ ಎಂದು ನೋಡುವುದು, ಇಟ್ಟಿದ್ದಾರೆ ಎಂದೂ ಬರೆದಿದ್ದೆ. ಅದಕ್ಕೆ 6 ವಾರದ ತನಕ ಬೇಕು. ಅಷ್ಟು ದಿನ ಸುಮ್ಮನೆ ಕಾಯಬೇಡ, ಡಾಕ್ಟರಿಗೆ ಮತ್ತೊಮ್ಮೆ ಹೇಳು. ಯಂತ್ರ ನೆಗೆಟಿವ್ ಎಂದರೂ ರೋಗಿಯನ್ನು ನೋಡಿ ಔಷಧಿ ಶುರು ಮಾಡುವುದು ಉಂಟಲ್ಲ. ಬೈದರೆ ಬೈಸಿಕೋ.

ಮನೆಗೆ ಯಾರನ್ನಾದರೂ ಕಳಿಸುವುದಾದರೆ ಪ್ರಾಜೆಕ್ಟಿನ ಟೀ ಶರ್ಟು, ಕೊರಳಪಟ್ಟಿ ಬೇಡ. ಅಕ್ಕಪಕ್ಕದವರ ಬಾಯಿಗೆ ಎಚ್‌ಐವಿ ಅನ್ನುವ ಶಬ್ದ ಬಿದ್ದರೆ ಆಯಮ್ಮ ಇನ್ನೆಂದೂ ಬರಲಾರಳು. ಇದನ್ನೂ ನಿನಗೆ ಹೇಳಬೇಕಿರಲಿಲ್ಲ. ಮಾಸ್ಕ್ ಹಾಕಿಕೋ, ಕಿಟಕಿ ತೆಗೆದಿಡು, ಹೊತ್ತಿಗೆ ಊಟ ಮಾಡು. ಮುದುಕಿಯರ ಮಾತು ಎಂದು ನಗಬೇಡ.

ಮತ್ತೆ ಅಲ್ಲಿಗೇ ಬಂದೆ. ಆ ಹೋಟೆಲಿನವರು ಊರಿಗೆ ಹೋದ ಮೇಲೆ ನಾನು ಒಂದು ಸಲವೂ ವಿಚಾರಿಸಲಿಲ್ಲ. ಹೋಟೆಲ್ ಸ್ಟೇಷನ್ನಿನ ಹಾದಿಯಲ್ಲೇ ಇತ್ತು. ಗಲ್ಲೆಯ ಹತ್ತಿರ ನಿಂತು 'ಹೇಗಿದ್ದಾರೆ' ಎಂದು ಕೇಳಿದ್ದರೆ ಎರಡು ನಿಮಿಷದ ಕೆಲಸ. ಎಚ್‌ಐವಿಗೆ ಉಚಿತ ಔಷಧಿ, ಎಆರ್‌ಟಿ, ಬಂದದ್ದು 2004ರ ಏಪ್ರಿಲ್‌ನಲ್ಲಿ. ಅಲ್ಲಿಯ ತನಕ ಅವರು ಹೇಗೂ ಉಳಿಯುತ್ತಿರಲಿಲ್ಲವೇನೋ. ಆದರೆ ಟಿಬಿಗೆ ಮಾತ್ರೆ ಆಗಲೂ ಇತ್ತು, ನಮ್ಮ ಲ್ಯಾಬಿನಿಂದ ನಾಲ್ಕು ಬಾಗಿಲು ಆಚೆ, ಪುಕ್ಕಟೆ.

ನೀನು ಸೋಮವಾರದಿಂದ ಬಾಗಿಲು ನೋಡುತ್ತಾ ಕೂತಿದ್ದೀಯ. ನಾನು ಅಷ್ಟೂ ಮಾಡಲಿಲ್ಲ.

ಬರುವ ಶನಿವಾರ ಕಲ್ಯಾಣದಲ್ಲಿ ಬೆಳಗಿನ ಇಂದ್ರಾಯಣಿ ರೈಲು ಹತ್ತಿ ಬರುತ್ತೇನೆ. ಮಾವಿನ ಮಿಡಿ ಉಪ್ಪಿನಕಾಯಿ ತರುತ್ತೇನೆ, ಖಾಲಿ ಡಬ್ಬಿ ತೊಳೆದಿಡು. ಅಷ್ಟರೊಳಗೆ ಆಯಮ್ಮ ಬಂದರೆ ಪತ್ರ ಬರೆಯುತ್ತಾ ಕೂರಬೇಡ, ಫೋನ್ ಮಾಡು. ಬರದಿದ್ದರೂ ಮಾಡು. ನಾನು ಹತ್ತೂವರೆ ತನಕ ಎದ್ದೇ ಇರುತ್ತೇನೆ.

ನಿನ್ನ ದೊಡ್ಡಮ್ಮ