ಸೀಟು ಸಿಗಲಿಲ್ವಾ?

ಈ ಸಲ ಯುಗಾದಿ ಊಟದ ಸಾಲಿನಲ್ಲಿ ಹಿಂದೆ ನಿಂತವರು ಕೇಳಿದರು, "ಮಗ ಯಾವ ಕಾಲೇಜು?" "ಯುಸಿಗೆ ಹೋಗ್ತಾನೆ" ಎಂದೆ. ಯುಸಿ ಅಂದರೆ ನಾವಿರುವ ಕ್ಯಾಲಿಫೋರ್ನಿಯಾದ ಸರ್ಕಾರಿ ವಿಶ್ವವಿದ್ಯಾಲಯ, ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ. ಸುಳ್ಳಲ್ಲ. ನಮ್ಮ ಕನ್ನಡದ 'ಹೋಗ್ತಾನೆ' ಇವತ್ತಿಗೂ ಆಗುತ್ತೆ, ಎರಡು ವರ್ಷ ಬಿಟ್ಟೂ ಆಗುತ್ತೆ. ಸದ್ಯಕ್ಕೆ ಅವನು ಮನೆ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಗ್ಲೋಬಲ್ ಸ್ಟಡೀಸ್ ಓದುತ್ತಿದ್ದಾನೆ. ಎದುರಿಗೆ ನಿಂತು ಒಬ್ಬಟ್ಟು ಬಡಿಸುತ್ತಿದ್ದವನೂ ಅವನೇ. ಕೇಳಿಸಿಕೊಂಡು ಸುಮ್ಮನಿದ್ದ.

ನಿಜ ಹೇಳಿದ್ದರೆ ಮುಂದಿನ ಪ್ರಶ್ನೆ ಗೊತ್ತಿತ್ತು: "ಯಾಕೆ, ಸೀಟು ಸಿಗಲಿಲ್ವಾ?" ಈ ಕಾಲೇಜುಗಳಿಗೆ ಹಿಂದೆ ಜೂನಿಯರ್ ಕಾಲೇಜು ಅನ್ನುತ್ತಿದ್ದರು. 1901ರಲ್ಲಿ ಇಲಿನಾಯ್‌ನ ಜೋಲಿಯೆಟ್‌ನಲ್ಲಿ ಶುರುವಾದದ್ದರ ಹೆಸರು ಇವತ್ತಿಗೂ ಅದೇ. ಎರಡು ವರ್ಷ, ಜೂನಿಯರ್ ಕಾಲೇಜು ಅಂದರೆ ನಮ್ಮವರ ತಲೆಗೆ ಬರುವುದು ಪಿಯುಸಿ. ಪಿಯುಸಿ ಅಲ್ಲ ಇದು. ಡಿಗ್ರಿಯ ಮೊದಲ ಅರ್ಧ, ಮಿಕ್ಕ ಅರ್ಧ ಯುಸಿಯಂಥ ಕಡೆ.

ಕ್ಯಾಲಿಫೋರ್ನಿಯಾದಲ್ಲಿ ಇಂಥವು 116 ಇವೆ. ಇಲ್ಲಿನ ನಿವಾಸಿಗಳಿಗೆ ಒಂದು ಸೆಮಿಸ್ಟರ್ ಯೂನಿಟ್‌ಗೆ (ಅಂದರೆ ಕ್ರೆಡಿಟ್‌ಗೆ) 46 ಡಾಲರ್, 60 ಯೂನಿಟ್ ಮುಗಿಸಿದರೆ 2,760. ಯುಸಿಯಲ್ಲಿ ಒಂದೇ ವರ್ಷದ ಫೀ ಹದಿನಾಲ್ಕು ಸಾವಿರ ದಾಟುತ್ತದೆ. (ಎಫ್-1, ಅಂದರೆ ಸ್ಟೂಡೆಂಟ್ ವೀಸಾದಲ್ಲಿ ಬಂದವರಿಗೆ ಈ ದರವಿಲ್ಲ, ಹಲವು ಪಟ್ಟು ಜಾಸ್ತಿ.) ಗ್ರೇಡು, ಕೋರ್ಸು ಸರಿಯಾಗಿದ್ದರೆ 'ಟ್ಯಾಗ್' (ಟ್ರಾನ್ಸ್‌ಫರ್ ಅಡ್ಮಿಷನ್ ಗ್ಯಾರಂಟಿ) ಮೂಲಕ ಯುಸಿಯ ಆರು ಕ್ಯಾಂಪಸ್‌ಗಳಲ್ಲಿ ಒಂದರಲ್ಲಿ ಸೀಟು ಖಾತ್ರಿ ಮಾಡಿಕೊಳ್ಳಬಹುದು. ಡೇವಿಸ್, ಸಾಂಟಾ ಬಾರ್ಬರಾ ಅದರಲ್ಲಿವೆ. ಬರ್ಕ್ಲಿ, ಯುಸಿಎಲ್‌ಎ ಇಲ್ಲ. ಎಲ್ಲ ಮೇಜರ್‌ಗಳಿಗೂ ಇಲ್ಲ, ಮೊದಲೇ ಕೌನ್ಸೆಲರ್ ಹತ್ತಿರ ಕೇಳಿಕೊಳ್ಳಿ.

ಇನ್ನು ಗ್ಲೋಬಲ್ ಸ್ಟಡೀಸ್. ಸ್ವಲ್ಪ ಇತಿಹಾಸ, ಸ್ವಲ್ಪ ಭೂಗೋಳ, ಎಕನಾಮಿಕ್ಸ್, ರಾಜಕೀಯ, ಜೊತೆಗೊಂದು ಭಾಷೆ. ನನಗೂ ಮೊದಲು ಚಿತ್ರಾನ್ನ ಅನ್ನಿಸಿತ್ತು. ಆಮೇಲೆ ಒಂದು ಅಸೈನ್‌ಮೆಂಟ್ ಬಂತು: ನಿಮ್ಮ ಅಡುಗೆಮನೆಯ ಒಂದು ವಸ್ತು ಎಲ್ಲಿಂದ ಬಂತು, ಬರೆಯಿರಿ. ಇವನು ಬ್ಯಾಡಗಿ ಮೆಣಸಿನಕಾಯಿ ಆರಿಸಿಕೊಂಡ. ಪಕ್ಕದಲ್ಲಿ ಕೂರುವ ಐವತ್ತು ದಾಟಿದ ನರ್ಸಮ್ಮ ಫಿಲಿಪೀನ್ಸ್‌ನವರು, ಅವರದು ತೆಂಗಿನೆಣ್ಣೆ. ಇಂಥ ಸಹಪಾಠಿಗಳು ಯುಸಿಯಲ್ಲಿ ಎಷ್ಟು ಜನ ಸಿಗುತ್ತಾರೆ?

ಹಾವೇರಿಯ ಅಜ್ಜಿಗೆ ಫೋನ್ ಮಾಡಿ, ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕಡೆ ಬಂತು ಎಂದ. ಅಜ್ಜಿ ಒಪ್ಪಲಿಲ್ಲ. "ಬ್ಯಾಡಗಿ ಬಿಟ್ಟು ಮತ್ತೆಲ್ಲಿಂದ ಬರ್ತದೋ ಅದು?" ಮೆಣಸು, ಅಂದರೆ ಕಾಳುಮೆಣಸು, ನಮ್ಮದು ಅಜ್ಜಿ, ಖಾರ ಇದೆ ಅಂತ ಅದರ ಹೆಸರನ್ನೇ ಈ ಹೊಸ ಕಾಯಿಗೂ ಇಟ್ಟಿದ್ದಾರೆ ಎಂದ. ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಟ್ಯಾಗ್ (ಆ ಪ್ರದೇಶದ್ದೇ ಅನ್ನುವ ಮಾನ್ಯತೆ) ಸಿಕ್ಕಿತು. ಈಗ ಅದರ ಕೆಂಪು ಬಣ್ಣ ತೆಗೆದು ಹೊರದೇಶಗಳಿಗೆ ಕಳಿಸುತ್ತಾರೆ, ಲಿಪ್‌ಸ್ಟಿಕ್‌ಗೂ ಹಾಕುತ್ತಾರೆ ಅಂತಲೂ ಹೇಳಿದ. ಇದನ್ನು ಕೇಳಿದ ಮೇಲೆ ಅಜ್ಜಿ ಫೋನ್ ಇಟ್ಟೇಬಿಟ್ಟರು.

ನಿಮ್ಮ ಮನೆಯಲ್ಲೂ ಯಾರಾದರೂ ಕಮ್ಯುನಿಟಿ ಕಾಲೇಜಿನಲ್ಲಿ ಓದಿದ್ದರೆ ಮುಂದಿನ ಸಂಚಿಕೆಗೆ ಬರೆದು ಕಳಿಸಿ. ಹೆಸರು ಹಾಕಬೇಡಿ ಅಂದರೂ ಪರವಾಗಿಲ್ಲ. ಯಾಕೆ ಅಂತ ನಾನು ಕೇಳುವುದಿಲ್ಲ.