ಜಿಲ್ಲೆಯ ಆಸ್ಪತ್ರೆಯ ಪಟ್ಟಿಗೆ ಈ ಕಾಯಿಲೆಯನ್ನೂ ಸೇರಿಸಿ

ಮಾನ್ಯ ಸಂಪಾದಕರೇ,

ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ನಾವೆಲ್ಲ ಎಷ್ಟು ವರ್ಷದಿಂದ ಕೇಳುತ್ತಿದ್ದೇವೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಉಡುಪಿ ಜಿಲ್ಲೆಯ ಶಿರೂರು ಟೋಲ್ ಬಳಿ ಪಲ್ಟಿಯಾದ ಮೇಲಂತೂ ಕೂಗು ಜೋರಾಯಿತು. ಹೃದಯ, ಕಿಡ್ನಿ, ಅಪಘಾತ ಎಲ್ಲವೂ ನಮ್ಮ ಪಟ್ಟಿಯಲ್ಲಿವೆ. ಇನ್ನೊಂದನ್ನು ಸೇರಿಸಿ ಅಂತ ಕೇಳೋಕೆ ಈ ಪತ್ರ. ಅನೊರೆಕ್ಸಿಯಾ ನರ್ವೋಸಾ, ಅಂದರೆ ದಪ್ಪ ಆಗಿಬಿಡುತ್ತೇನೆ ಅನ್ನುವ ಭಯಕ್ಕೆ ಊಟ ಬಿಡುತ್ತಾ ಹೋಗುವ ಕಾಯಿಲೆ. ಮಾನಸಿಕ ಕಾಯಿಲೆಗಳಲ್ಲಿ ಜೀವಕ್ಕೆ ಅತಿ ಹೆಚ್ಚು ಅಪಾಯ ತರುವವುಗಳಲ್ಲಿ ಇದೂ ಒಂದು. ನನಗೆ ಬಂದಿತ್ತು. ಜಿಲ್ಲೆಯ ಹೊರಗಿನ ಆಸ್ಪತ್ರೆಯಲ್ಲಿ ವಾರಗಟ್ಟಲೆ ಇದ್ದು ಗುಣವಾದೆ.

ಇದು ಬೆಂಗಳೂರಿನ ಶ್ರೀಮಂತರ ಮಕ್ಕಳಿಗೆ ಬರುವಂಥದ್ದು ಅಂತ ತಿಳಿಯಬೇಡಿ. ನಮ್ಮದು ಕುಮಟಾ ಹತ್ತಿರದ ಹಳ್ಳಿ, ಗಂಜಿ ಉಂಡು ಬೆಳೆದ ಮನೆ. ಹುಡುಗರಿಗೂ ಬರುತ್ತದೆ. ನಮ್ಮ ಕಡೆ ಇದು ಅಡಗಿಕೊಳ್ಳುವ ಜಾಗವೇ ಬೇರೆ. ಸೋಮವಾರ ಒಪ್ಪತ್ತು, ಸಂಕಷ್ಟಿ, ಏಕಾದಶಿ, ಶ್ರಾವಣ ಶನಿವಾರ ಅಂತ ನಾನು ಒಂದೊಂದೇ ಹಿಡಿಯುತ್ತಾ ಹೋದೆ, ಪಕ್ಕದ ಮನೆಯ ಅಕ್ಕ 'ಈ ವಯಸ್ಸಿಗೆ ಎಂಥಾ ಭಕ್ತಿ' ಅಂತ ಹೊಗಳಿದರು, ದೇವರ ಹೆಸರು ಹೇಳಿದ ಮೇಲೆ ಬಾಳೆ ಎಲೆ ಯಾಕೆ ಖಾಲಿ ಅಂತ ಯಾರು ಕೇಳುತ್ತಾರೆ? ಮದುವೆಮನೆಗೆ ಹೋದರೆ 'ಸಪೂರ ಆಗಿದ್ದೀಯಲ್ಲೇ, ಚಂದ ಕಾಣ್ತೀಯ' ಅನ್ನೋರು ಬೇರೆ. ಅದು ನನಗೆ ಬಹುಮಾನ ಸಿಕ್ಕ ಹಾಗೆ ಆಗುತ್ತಿತ್ತು.

ಆಮೇಲೆ ಮುಟ್ಟು ನಿಂತಿತು. ಕೂದಲು ಉದುರಿತು. ಮೇ ತಿಂಗಳ ಸೆಖೆಯಲ್ಲಿ ನನಗೆ ಸ್ವೆಟರ್ ಬೇಕಾಗುತ್ತಿತ್ತು. ಆಯಿ ದೃಷ್ಟಿ ತೆಗೆದರು, ನೂಲು ಕಟ್ಟಿಸಿದರು. ಗ್ಯಾಸ್ಟ್ರಿಕ್ ಮಾತ್ರೆ, ಟಾನಿಕ್, ಥೈರಾಯ್ಡ್ ಪರೀಕ್ಷೆ ಎಲ್ಲ ಆಯಿತು. ಕೊನೆಗೆ ಒಬ್ಬ ಡಾಕ್ಟರು ನಾಡಿ ಹಿಡಿದು, ಇಸಿಜಿ ನೋಡಿ, 'ಇವತ್ತೇ ಕರೆದುಕೊಂಡು ಹೋಗಿ' ಅಂದರು.

ಆಸ್ಪತ್ರೆ ಯಾಕೆ, ಮನೆಯಲ್ಲೇ ಚೆನ್ನಾಗಿ ಉಣಿಸಿದರೆ ಸಾಕಲ್ವಾ ಅಂತ ಆಗ ಎಲ್ಲರೂ ಕೇಳಿದರು. ಸಾಲದು. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಜಾಸ್ತಿ ಕೊಟ್ಟರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಷಿಯಂ ದಿಢೀರ್ ಇಳಿದು ಹೃದಯವೇ ನಿಲ್ಲಬಹುದು. ರೀಫೀಡಿಂಗ್ ಸಿಂಡ್ರೋಮ್ ಅನ್ನುತ್ತಾರೆ. ಎರಡನೇ ಮಹಾಯುದ್ಧ ಮುಗಿದಾಗ ಸೆರೆಶಿಬಿರಗಳಿಂದ ಹೊರಬಂದು ಹೊಟ್ಟೆ ತುಂಬಾ ಉಂಡವರಲ್ಲಿ ಕೆಲವರು ಹೀಗೇ ಸತ್ತಿದ್ದರು. ಅಜ್ಜಿಯ ತುಪ್ಪದನ್ನ ನನಗೆ ಆ ವಾರ ವಿಷವೇ ಆಗಬಹುದಿತ್ತು. ವಾರ್ಡಿನಲ್ಲಿ ಬಿ1 ವಿಟಮಿನ್ ಕೊಟ್ಟು, ರಕ್ತ ಪರೀಕ್ಷೆ ಮಾಡುತ್ತಾ, ಊಟವನ್ನು ಸ್ವಲ್ಪ ಸ್ವಲ್ಪವೇ ಏರಿಸಿದರು.

ಆ ವಾರ್ಡಿನ ದಿನಗಳು ಸುಖದ್ದಲ್ಲ. ಮೂರು ಊಟ, ನಡುವೆ ತಿಂಡಿ, ಪ್ರತಿಯೊಂದಕ್ಕೂ ಸಮಯದ ಮಿತಿ. ಸಿಸ್ಟರ್ ಪಕ್ಕದಲ್ಲೇ ಕೂರುತ್ತಾರೆ, ಉಂಡಾದ ಮೇಲೆ ಸ್ವಲ್ಪ ಹೊತ್ತು ಬಾತ್‌ರೂಮಿಗೆ ಒಬ್ಬರನ್ನೇ ಬಿಡುವುದಿಲ್ಲ. ತೂಕ ನೋಡುವಾಗ ಬೆನ್ನು ತಿರುಗಿಸಿ ನಿಲ್ಲಿಸುತ್ತಿದ್ದರು, ಅಂಕಿ ನನಗೆ ಕಾಣಬಾರದು ಅಂತ. ಸಿಟ್ಟು ಬರುತ್ತಿತ್ತು, ಅತ್ತಿದ್ದೇನೆ, ಆ ಸಿಸ್ಟರ್‌ಗಳಿಗೆ ಬೈದಿದ್ದೇನೆ, ಅವರು ಮಾತ್ರ ತಟ್ಟೆಯ ಪಕ್ಕದಿಂದ ಏಳಲಿಲ್ಲ. ಡಯಟೀಶಿಯನ್ ಮೊದಲು ಓಟ್ಸ್, ಚಪಾತಿ ಅಂತ ಬರೆದಿದ್ದರು. ನಮ್ಮ ಮನೆಯ ಊಟ ಏನು ಅಂತ ಆಯಿಯನ್ನು ಕೇಳಿ ತಿಳಿದುಕೊಂಡ ಮೇಲೆ ಕುಚ್ಚಲಕ್ಕಿ ಗಂಜಿ, ತಂಬುಳಿ, ಮೀನು ಸಾರು ಅಂತ ಬದಲಿಸಿದರು. ಮನೆಗೆ ಬಂದ ಮೇಲೆ ನಾನು ಉಣ್ಣಬೇಕಾದ್ದು ಅದನ್ನೇ ತಾನೇ?

ಅಮೆರಿಕದ ಮಿನ್ನೆಸೋಟಾದಲ್ಲಿ 1944-45ರಲ್ಲಿ 36 ಆರೋಗ್ಯವಂತ ಯುವಕರಿಗೆ ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದ್ದರಂತೆ. ಅವರಿಗೂ ಊಟದ್ದೇ ಧ್ಯಾನ ಹಿಡಿಯಿತು, ಅಡುಗೆ ಪುಸ್ತಕ ಓದುತ್ತಾ ಕೂತರು, ಮಂಕಾದರು. ನಮ್ಮ ವಾರ್ಡಿನ ಡಾಕ್ಟರ್ ಇದನ್ನು ಹೇಳಿದಾಗ ನನಗೆ ಒಂಥರಾ ಸಮಾಧಾನ. ರಾತ್ರಿಯೆಲ್ಲ ಅಡುಗೆ ವಿಡಿಯೋ ನೋಡಿ, ಬೆಳಿಗ್ಗೆ ಮನೆಯವರಿಗೆಲ್ಲ ಮಾಡಿ ಬಡಿಸಿ, ತಾನು ಮುಟ್ಟದೇ ಇದ್ದವಳು ನಾನು. ಅದು ನನ್ನ ಹಟ ಅಂತ ಎಲ್ಲರೂ ಅಂದುಕೊಂಡಿದ್ದರು. ತೂಕ ಸ್ವಲ್ಪ ಏರಿದ ಮೇಲೇ ಕೌನ್ಸೆಲಿಂಗ್ ಮಾತು ತಲೆಗೆ ಹೋಗತೊಡಗಿದ್ದು.

ಕಷ್ಟ ಶುರುವಾಗಿದ್ದು ಡಿಸ್ಚಾರ್ಜ್ ಆದ ಮೇಲೆ. ಮೊದಲ ವರ್ಷ ಇದು ಮರುಕಳಿಸುವ ಅಪಾಯ ಜಾಸ್ತಿ, ತಪ್ಪದೇ ತೋರಿಸಬೇಕು. ನಮಗೆ ಒಂದೊಂದು ತಪಾಸಣೆಗೂ ಹೆದ್ದಾರಿ 66ರಲ್ಲಿ ಇಡೀ ದಿನ ಹೋಗುತ್ತಿತ್ತು. ಮಳೆಗಾಲದಲ್ಲಿ ಗುಡ್ಡ ಜರಿದರೆ ಅದೂ ಇಲ್ಲ. ಮಾನಸಿಕ ಚಿಕಿತ್ಸೆಗಾಗಿ ಯಾರೂ ದೂರ ಅಲೆಯುವಂತೆ ಆಗಬಾರದು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ. ದೇಹದ ಕಾಯಿಲೆಗೆ ಕೊಟ್ಟಂತೆ ಇದಕ್ಕೂ ವಿಮೆ ಕೊಡಬೇಕು ಅಂತಲೂ ಇದೆ. ನಮ್ಮ ಏಜೆಂಟರಿಗೆ ಅದು ಗೊತ್ತೇ ಇರಲಿಲ್ಲ, ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿದರು.

ದೊಡ್ಡ ಕಟ್ಟಡ ಬೇಕು ಅಂತ ನಾನು ಕೇಳುತ್ತಿಲ್ಲ. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಅಲ್ಲಿ ಈ ಕಾಯಿಲೆಗೆ ಅಂತ ಕೆಲವು ಹಾಸಿಗೆ ಇಡಲಿ. ಮನೋವೈದ್ಯರು, ಫಿಸಿಶಿಯನ್, ಡಯಟೀಶಿಯನ್ ಒಟ್ಟಿಗೆ ಕೂತು ಒಂದೇ ಫೈಲ್ ನೋಡುವಂತಾಗಲಿ, ಫಾಸ್ಫೇಟ್ ವರದಿ ಅದೇ ದಿನ ಕೈಗೆ ಸಿಗಲಿ. ಊಟದ ಹೊತ್ತಿನಲ್ಲಿ ಪಕ್ಕದಲ್ಲಿ ಕೂರುವುದು ಹೇಗೆ ಅಂತ ಸಿಸ್ಟರ್‌ಗಳಿಗೆ ನಿಮ್ಹಾನ್ಸ್‌ನಿಂದ ತರಬೇತಿ ಕೊಡಿಸಲಿ. ಶಿರಸಿ, ಕುಮಟಾದ ತಾಲೂಕು ಆಸ್ಪತ್ರೆಗಳಲ್ಲಿ ಮುಂದಿನ ತಪಾಸಣೆಯಾದರೂ ಆಗಲಿ.

ಅಲ್ಲಿಯವರೆಗೆ, ನಿಮ್ಮ ಮನೆಯಲ್ಲಿ ಇಂಥ ಮಗು ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಆದರೆ ಮಗು ತಲೆಸುತ್ತಿ ಬಿದ್ದರೆ, ನಾಡಿ ನಿಧಾನ ಆಗಿದ್ದರೆ ಫೋನ್ ಹಿಡಿದು ಕೂರಬೇಡಿ. ನೇರ ಆಸ್ಪತ್ರೆಗೆ ಹೋಗಿ, ಎಷ್ಟು ದಿನದಿಂದ ಊಟ ಬಿಟ್ಟಿದೆ ಅಂತ ಮೊದಲು ಹೇಳಿ, ಇಸಿಜಿ ಮತ್ತು ಎಲೆಕ್ಟ್ರೋಲೈಟ್ (ರಕ್ತದ ಲವಣಾಂಶ) ಪರೀಕ್ಷೆ ಮಾಡಿ ಅಂತ ನೀವೇ ಕೇಳಿ.

ಇಂತಿ,
ಒಬ್ಬ ಓದುಗಿ (ಹೆಸರು ಪ್ರಕಟಿಸಬೇಡಿ)
ಕುಮಟಾ ತಾಲೂಕು